ಹಿಂಬಾಗಿಲಿನ ಬೀಗ

ಗುರುದೇವಿಗೆ ಹಾಲಿನವನ ಮೇಲೆ ಅನುಮಾನ, ತರಕಾರಿಯವನ ತಕ್ಕಡಿಯ ಮೇಲೆ ಅನುಮಾನ, ಗ್ಯಾಸ್ ಸಿಲಿಂಡರಿನ ಸೀಲಿನ ಮೇಲಂತೂ ಇನ್ನೂ ಹೆಚ್ಚು. ತಾನು ನಡೆಸುವ ಹಾಸ್ಟೆಲಿಗೆ ಯಾರಾದರೂ ಬಂದು, ಇಂಥ ಹುಡುಗಿಯನ್ನು ನೋಡಬೇಕು, ನಾನು ಅವಳ ಅಣ್ಣ ಎಂದರೆ ಅವನ ಅಜ್ಜಿಯ ತವರೂರು ಯಾವುದೆಂದು ಕೇಳುತ್ತಿದ್ದಳು. ಆಮೇಲೆ ಒಳಗೆ ಹೋಗಿ ಅದೇ ಪ್ರಶ್ನೆಯನ್ನು ಹುಡುಗಿಗೆ ಕೇಳಿ, ಎರಡೂ ತಾಳೆಯಾದರೆ ಮಾತ್ರ ಗೇಟಿನ ಬೀಗ ತೆಗೆಯುವುದು. ಅಜ್ಜಿಯ ತವರೂರು ಗೊತ್ತಿಲ್ಲದ ನಿಜವಾದ ಅಣ್ಣಂದಿರು ಎಷ್ಟೋ ಮಂದಿ ಬೀದಿಯಲ್ಲೇ ನಿಂತು ತಂಗಿಯರ ಜೊತೆ ಮಾತಾಡಿ ಹೋಗಿದ್ದಾರೆ. "ಇಕಿ ಪೊಲೀಸ್ ಖಾತೇದಾಗ ಇರಬೇಕಿತ್ತು, ದಾರಿ ತಪ್ಪಿ ನನ್ನ ಮನಿಗೆ ಬಂದಾಳ" ಎಂದು ಗಂಡ ಮೌನಪ್ಪ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ.

ಮೌನಪ್ಪ ಸಿಕಂದರಾಬಾದಿನ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿದ್ದವನು. ಮಲ್ಕಾಜ್‌ಗಿರಿಯಲ್ಲಿ ಸಂಸಾರ ಹೂಡಿ, ಅಲ್ಲೇ ಮಗಳನ್ನು ಬೆಳೆಸಿ ಮದುವೆ ಮಾಡಿ ಕಳಿಸಿದರು. ಗುರುದೇವಿಯ ಅಕ್ಕನ ಮಗಳು ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆಂದು ವಿಜಯಪುರದಿಂದ ದಿಲ್‌ಸುಖ್‌ನಗರಕ್ಕೆ ಬಂದು ಹಾಸ್ಟೆಲೊಂದರಲ್ಲಿ ಉಳಿದಾಗ ಇವಳು ಒಮ್ಮೆ ನೋಡಲು ಹೋಗಿದ್ದಳು. ಒಂದು ಕೋಣೆಯಲ್ಲಿ ಮಂಚದ ಮೇಲೆ ಮಂಚ, ತಟ್ಟೆಯಲ್ಲಿ ನೀರಿನಂಥ ಬೇಳೆ. ಹುಡುಗಿ ರೊಟ್ಟಿ ಕಂಡು ಎಷ್ಟು ದಿನವಾಯಿತೋ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅಂದೇ ಗುರುದೇವಿಯ ತಲೆಯಲ್ಲಿ ಹುಳ ಹೊಕ್ಕಿತು. ಮೌನಪ್ಪ ನಿವೃತ್ತನಾದದ್ದೇ ತಡ, ದಿಲ್‌ಸುಖ್‌ನಗರದ ಬಸ್ ಡಿಪೋದ ಹಿಂದಿನ ಓಣಿಯಲ್ಲಿ ಒಂದು ಕಟ್ಟಡ ಬಾಡಿಗೆಗೆ ಹಿಡಿದರು. ಕೆಳಗೆ ಅಡುಗೆಮನೆ ಮತ್ತು ಇವರಿಬ್ಬರ ಎರಡು ಕೋಣೆ, ಮೇಲೆ ಮೂರು ಮಹಡಿಯ ತುಂಬ ಹುಡುಗಿಯರು. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರೇ ಹೆಚ್ಚು. ಜಯಮ್ಮ ಎಂಬಾಕೆ ರೊಟ್ಟಿ ಬಡಿಯಲು ಬೆಳಿಗ್ಗೆಯೇ ಕೂತರೆ ಆ ಸದ್ದು ಮೂರನೇ ಮಹಡಿಗೂ ಕೇಳುತ್ತಿತ್ತು.

ಕಟ್ಟಡಕ್ಕೆ ಎರಡು ಮೆಟ್ಟಿಲ ದಾರಿಗಳಿದ್ದವು. ಮುಂದಿನದು ಒಳಗಿನ ಸಿಮೆಂಟು ಮೆಟ್ಟಿಲು. ಅದರ ಬುಡಕ್ಕೆ ಗುರುದೇವಿ ಕಬ್ಬಿಣದ ಎಳೆಗೇಟು ಹಾಕಿಸಿ, ಬೀಗದ ಕೈಯನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಳು. ಹಿಂದಿನದು ಹೊರಗೋಡೆಗೆ ಅಂಟಿದ ಕಬ್ಬಿಣದ ಏಣಿಮೆಟ್ಟಿಲು, ಒಬ್ಬರು ಮಾತ್ರ ಇಳಿಯುವಷ್ಟು ಅಗಲ. ಮೊದಲ ವರ್ಷವೇ ಪಕ್ಕದ ಕಟ್ಟಡದ ಯಾವನೋ ಒಬ್ಬ ಅದನ್ನು ಹತ್ತಿ ಎರಡನೇ ಮಹಡಿಯ ಕಿಟಕಿಯಲ್ಲಿ ಇಣುಕಿದ. ಗುರುದೇವಿ ಅವನನ್ನು ಪೊರಕೆಯಿಂದ ಬಾರಿಸಿ ಇಳಿಸಿದ್ದನ್ನು ಓಣಿಯವರು ಈಗಲೂ ಹೇಳುತ್ತಾರೆ. ಮರುದಿನವೇ ಎಲ್ಲ ಮಹಡಿಗಳ ಹಿಂಬಾಗಿಲಿಗೂ ಬೀಗ ಬಿತ್ತು. ಬಾಗಿಲು ಹೇಗೂ ತೆಗೆಯುವುದಿಲ್ಲವಲ್ಲ ಎಂದು ಅದರ ಮುಂದೆ ಜೋಳದ ಚೀಲ, ಮುರಿದ ಮಂಚ, ಹಳೆಯ ಹಾಸಿಗೆಗಳು ಬಂದು ಕೂತವು. ಊರಿನಿಂದ ಬಂದ ಅಪ್ಪಂದಿರು ಆ ಬೀಗಗಳನ್ನು ಮುಟ್ಟಿ ನೋಡಿ, ಇಲ್ಲಿ ಮಗಳನ್ನು ಬಿಟ್ಟರೆ ತಿಜೋರಿಯಲ್ಲಿ ಇಟ್ಟ ಹಾಗೆ ಎಂದು ನೆಮ್ಮದಿಯಿಂದ ರೈಲು ಹತ್ತುತ್ತಿದ್ದರು.

ಮನುಷ್ಯರ ಮೇಲೆ ಇರುವ ಅನುಮಾನ ಒಂದು ತೂಕವಾದರೆ ಸರ್ಕಾರದ ಮೇಲಿನದು ಅದರ ಹತ್ತು ಪಟ್ಟು. ಅದಕ್ಕೆ ಕಾರಣವಿತ್ತು. ಅವಳ ಅಪ್ಪ ಸೂಗಪ್ಪ ಸಿಂದಗಿ ಕಡೆಯ ಹಳ್ಳಿಗಳ ನಡುವೆ ಟೆಂಪೊ ಓಡಿಸುತ್ತಿದ್ದ. ಬಸ್ಸು ಹೋಗದ ಊರುಗಳಿಗೆ ಅವನೇ ಬಸ್ಸು. ಬಸುರಿಯರನ್ನು ಆಸ್ಪತ್ರೆಗೆ, ಬೀಗರನ್ನು ಮದುವೆಗೆ, ಮೇಷ್ಟರನ್ನು ಶಾಲೆಗೆ ಮುಟ್ಟಿಸುತ್ತಿದ್ದವನು. ಒಂದು ಸಲ ಆ ದಾರಿಯಲ್ಲಿ ಬೇರೆ ಯಾವುದೋ ಟೆಂಪೊ ಮಗುಚಿ ಇಬ್ಬರು ಸತ್ತರು. ಜನರ ಸುರಕ್ಷತೆಗಾಗಿ ಎಂದು ಹೊಸ ನಿಯಮ ಬಂತು; ಪರ್ಮಿಟ್ ಇಲ್ಲದ ಗಾಡಿಗಳು ರಸ್ತೆಗೆ ಇಳಿಯುವಂತಿಲ್ಲ. ಸೂಗಪ್ಪ ಪರ್ಮಿಟ್ಟಿಗೆ ಓಡಾಡಿ ಚಪ್ಪಲಿ ಸವೆಸಿದ, ಸಿಗಲಿಲ್ಲ. ಗಾಡಿ ಪೊಲೀಸ್ ಠಾಣೆಯ ಬೇವಿನ ಮರದ ಕೆಳಗೆ ತುಕ್ಕು ಹಿಡಿಯಿತು. ಸ್ವಲ್ಪ ದಿನಕ್ಕೆ ಅದೇ ದಾರಿಯಲ್ಲಿ ಆ ಭಾಗದ ಮುಖಂಡನೊಬ್ಬನ ಭಾವಮೈದುನನ ಹೊಸ ಗಾಡಿಗಳು ಓಡತೊಡಗಿದವು, ಎಲ್ಲಕ್ಕೂ ಪರ್ಮಿಟ್ ಇತ್ತು. ಅವು ಟಾಪಿನ ಮೇಲೂ ಜನರನ್ನು ತುಂಬಿಕೊಂಡೇ ಹೋಗುತ್ತಿದ್ದವು. ಕೊನೆಗೆ ಸೂಗಪ್ಪ ಅದರಲ್ಲೇ ಒಂದು ಗಾಡಿಗೆ ಸಂಬಳದ ಡ್ರೈವರ್ ಆದ. "ಕಾನೂನು ಬಂತಂದ್ರ ಅದು ಏನು ಹೇಳತೈತಿ ಅಂತ ಕೇಳಬ್ಯಾಡವ್ವಾ, ಯಾರ ಮನಿಂದ ಹೊಂಟು ಬಂತು ಅಂತ ಕೇಳು" ಎಂದು ಮಗಳಿಗೆ ಹೇಳುತ್ತಿದ್ದ. ಗುರುದೇವಿ ಆ ಮಾತನ್ನು ಒಡವೆಯ ಹಾಗೆ ಜೋಪಾನ ಮಾಡಿದ್ದಳು.

ಹೋದ ವರ್ಷದ ಬೇಸಿಗೆಯಲ್ಲಿ ಹೈದರಾಬಾದಿನ ಇನ್ನೊಂದು ಮೂಲೆಯ ಹಾಸ್ಟೆಲೊಂದಕ್ಕೆ ಬೆಂಕಿ ಬಿತ್ತು. ಓದಲು ಬಂದ ಮಕ್ಕಳು ಸತ್ತರು. ಟಿವಿಯಲ್ಲಿ ಅದನ್ನು ನೋಡಿ ಗುರುದೇವಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಹಾಸ್ಟೆಲುಗಳಿಗೆ ಹೊಸ ನಿಯಮ ಬರುತ್ತದೆಂದು ಸುದ್ದಿ ಬಂತು, ಅವಳ ಕಿವಿ ನೆಟ್ಟಗಾದವು. ಎರಡು ಮೆಟ್ಟಿಲ ದಾರಿ ಇರಬೇಕು, ಇಷ್ಟು ಅಗಲ ಇರಬೇಕು, ಜನ ಒಳಗಿರುವಾಗ ಬೀಗ ಹಾಕುವಂತಿಲ್ಲ, ಬೆಂಕಿ ಆರಿಸುವ ಸಾಮಾನು ಇರಬೇಕು, ಇದಕ್ಕೆಲ್ಲ ಅಗ್ನಿಶಾಮಕ ಕಚೇರಿಯವರು ಒಪ್ಪಿದ ಕನ್ಸಲ್ಟೆಂಟ್ ನಕ್ಷೆ ಮಾಡಿ ಸಹಿ ಹಾಕಬೇಕು. ಆಗ ಮಾತ್ರ ಸರ್ಟಿಫಿಕೇಟು.

ಇನ್‌ಸ್ಪೆಕ್ಟರ್ ಬಂದದ್ದು ಒಂದು ಮಧ್ಯಾಹ್ನ, ಹುಡುಗಿಯರೆಲ್ಲ ಕೋಚಿಂಗಿಗೆ ಹೋಗಿದ್ದಾಗ. ಓಣಿಯಲ್ಲಿ ಹಾಸ್ಟೆಲುಗಳಿಗೇನು ಬರವಿಲ್ಲ. ಆದರೆ ಅವನು ಮೊದಲು ಬಂದದ್ದು ಇವಳ ಮನೆಗೆ. ಬಂದವನು ಆಫೀಸು ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ, ಸೀದಾ ಎರಡನೇ ಮಹಡಿಗೆ ಹತ್ತಿ ಹಿಂಬಾಗಿಲಿನ ಮುಂದೆ ನಿಂತ. ಜೋಳದ ಚೀಲಗಳನ್ನು ನೋಡಿದ, ಬೀಗವನ್ನು ಎತ್ತಿ ಬಿಟ್ಟ. "ಕ್ಯಾ ಕರ್ನಾ ಅಮ್ಮಾ, ರೂಲ್ ಹೈ" ಎಂದು ನಿಯಮದ ಮೇಲೆ ಹಾಕಿ, ತಿಂಗಳೊಳಗೆ ಸರಿಪಡಿಸದಿದ್ದರೆ ಸೀಲ್ ಮಾಡುತ್ತೇವೆಂಬ ನೋಟಿಸನ್ನು ಗೇಟಿಗೆ ಅಂಟಿಸಿ ಹೋದ.

ಅವನು ಹೋದ ಮೇಲೆ ಗುರುದೇವಿ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದಳು. ಬೀಗ ಇರುವುದು ಒಳಗೆ. ಹೊರಗಿನಿಂದ ನೋಡಿದವರಿಗೆ ಕಾಣುವುದಿಲ್ಲ. ಹಾಗಾದರೆ ಯಾರೋ ಹೇಳಿದ್ದಾರೆ, ಅದೂ ಒಳಗಿನವರೇ. ಜಯಮ್ಮನನ್ನು ಕರೆದು ಸುತ್ತಿ ಬಳಸಿ ಕೇಳಿದಳು. ಜಯಮ್ಮ ಇಲ್ಲವೆಂದಳು, ಆದರೆ ಹೇಳುವಾಗ ಹಿಟ್ಟಿನ ಬುಟ್ಟಿಯನ್ನೇ ನೋಡುತ್ತಿದ್ದಳು. ಅಷ್ಟು ಸಾಕಾಯಿತು ಗುರುದೇವಿಗೆ, ಇವಳಿಗೆ ಏನೋ ಗೊತ್ತಿದೆ ಎಂದು ಬಗೆಯಲು.

ಮರುದಿನ ಸಂಜೆ ನರ್ಸಯ್ಯ ಬಂದ. ಓಣಿಯ ತಿರುವಿನಲ್ಲಿ ಗಾಜಿನ ಮುಂಭಾಗದ ದೊಡ್ಡ ಲೇಡೀಸ್ ಹಾಸ್ಟೆಲು ಅವನದು. ದಿಲ್‌ಸುಖ್‌ನಗರದಲ್ಲಿ ಅಂಥವೇ ಇನ್ನೂ ಹಲವು ಅವನ ಕೈಯಲ್ಲಿದ್ದವು, ಹಾಸ್ಟೆಲ್ ಮಾಲಿಕರ ಸಂಘಕ್ಕೂ ಅವನೇ ಅಧ್ಯಕ್ಷ. ಯಾವತ್ತೂ ಈ ಮನೆಯ ಹೊಸಿಲು ತುಳಿಯದವನು ಅಂದು ಮಿಠಾಯಿ ಡಬ್ಬಿ ಹಿಡಿದು ಬಂದು, "ವದಿನಾ" ಎಂದು ಬಾಯಿತುಂಬ ಅತ್ತಿಗೆಯ ಸಂಬಂಧ ಕಟ್ಟಿದ. ನೋಟಿಸಿನ ವಿಷಯ ಕೇಳಿ ಬೇಜಾರಾಯಿತು ಎಂದ. ಈ ಕಾಲದಲ್ಲಿ ಸಣ್ಣವರು ಒಬ್ಬೊಬ್ಬರೇ ನಿಲ್ಲುವುದು ಕಷ್ಟ, ನಮ್ಮ ಹೆಸರಿನ ಬೋರ್ಡು ಹಾಕಿಕೊಂಡರೆ ಸರ್ಟಿಫಿಕೇಟಿನ ಚಿಂತೆ ನಮ್ಮದು, ನೀವು ಅಡುಗೆ ನೋಡಿಕೊಂಡು ಆರಾಮಾಗಿರಿ ಎಂದ. ನೋಟಿಸು ಗೇಟಿಗೆ ಅಂಟಿದ್ದು ನಿಜ. ಆದರೆ ಗುರುದೇವಿ ಅದನ್ನು ಇನ್‌ಸ್ಪೆಕ್ಟರ್ ಓಣಿ ದಾಟುವ ಮೊದಲೇ ಕಿತ್ತು ಒಳಗೆ ಇಟ್ಟಿದ್ದಳು. ಇವನಿಗೆ ಹೇಗೆ ಗೊತ್ತಾಯಿತು? ಅವಳು ಆ ಮಿಠಾಯಿಯನ್ನು ಮನೆಯವರಿಗೆ ಕೊಡಲಿಲ್ಲ, ಹುಡುಗಿಯರಿಗೂ ಕೊಡಲಿಲ್ಲ. ಡಬ್ಬಿ ಕಪಾಟಿನ ಮೇಲೆ ಇರುವೆ ಹತ್ತಿ ಹಾಳಾಯಿತು.

ಆ ವಾರ ಸಂಘದವರು ಫಂಕ್ಷನ್ ಹಾಲೊಂದರಲ್ಲಿ ಸಭೆ ಕರೆದರು. ನಿಯಮ ಏನು ಎತ್ತ ಎಂದು ತಿಳಿಸಿ ಹೇಳುವ ಸಭೆ. ಗುರುದೇವಿ ಮೌನಪ್ಪನನ್ನು ಕರೆದುಕೊಂಡು ಹೋದಳು. ಸಣ್ಣ ಹಾಸ್ಟೆಲಿನವರು ಹಿಂದಿನ ಕುರ್ಚಿಗಳಲ್ಲಿ ಮುದುಡಿ ಕೂತಿದ್ದರು. ವೇದಿಕೆಯ ಮೇಲೆ ನರ್ಸಯ್ಯ, ಅವನ ಪಕ್ಕದಲ್ಲಿ ಅದೇ ಇನ್‌ಸ್ಪೆಕ್ಟರ್ ಮಜ್ಜಿಗೆ ಕುಡಿಯುತ್ತಾ ಕೂತಿದ್ದ. ಮಕ್ಕಳ ಜೀವ ದೊಡ್ಡದು, ಲಾಭವಲ್ಲ ಎಂದು ನರ್ಸಯ್ಯ ಗದ್ಗದ ಕಂಠದಲ್ಲಿ ಮಾತಾಡಿದ. ಆಮೇಲೆ ಕಚೇರಿಯವರು ಒಪ್ಪಿದ ಕನ್ಸಲ್ಟೆಂಟ್ ಎಂದು ಒಬ್ಬ ತರುಣನನ್ನು ಎಬ್ಬಿಸಿ ಪರಿಚಯ ಮಾಡಿಸಿದ. ಅವನು ಎದ್ದು ನಿಂತಾಗ ಗುರುದೇವಿಗೆ ಮುಖ ಎಲ್ಲೋ ನೋಡಿದ ಹಾಗೆನಿಸಿತು. ಪಕ್ಕದಲ್ಲಿ ಕೂತಿದ್ದ, ಬಾಯ್ಸ್ ಹಾಸ್ಟೆಲ್ ನಡೆಸುವ ಚಂದ್ರಕಾಂತ ಎಂಬ ಬಸವಕಲ್ಯಾಣದ ಗೃಹಸ್ಥ ಅವಳ ಕಡೆ ಬಾಗಿ, ಅವನು ನರ್ಸಯ್ಯನ ಅಳಿಯ, ಹೋದ ಮಾಘದಲ್ಲಿ ಮಗಳ ಮದುವೆಗೆ ಓಣಿಗೆ ಓಣಿಯೇ ಊಟಕ್ಕೆ ಹೋಗಿತ್ತಲ್ಲ ಎಂದು ಪಿಸುಗುಟ್ಟಿದ.

ಮನೆಗೆ ಬರುವ ದಾರಿಯುದ್ದಕ್ಕೂ ಗುರುದೇವಿ ಮಾತಾಡಿದ್ದು ಒಂದೇ ವಿಷಯ. ನಿಯಮ ಬರೆದವರು ಯಾರೋ, ಬರೆಸಿದವನು ಇವನೇ. ಸಣ್ಣವರೆಲ್ಲ ಮುಚ್ಚಬೇಕು, ಹುಡುಗಿಯರೆಲ್ಲ ಅವನ ಗಾಜಿನ ಮನೆಗೆ ಹೋಗಬೇಕು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಮೌನಪ್ಪ ಎಲ್ಲ ಕೇಳಿಸಿಕೊಂಡ. ಮನೆಯ ಗೇಟಿನ ಹತ್ತಿರ ಬಂದಾಗ ನಿಧಾನವಾಗಿ ಹೇಳಿದ:

"ಅಂವಾ ಕಳ್ಳ ಇರಬಹುದು. ಆದ್ರ ಹಿಂದಿನ ಬಾಗಲಾ ತಗೀಬಾರದು ಅಂತ ಎಲ್ಲೈತಿ?"

ಗುರುದೇವಿಗೆ ಸಿಟ್ಟು ನೆತ್ತಿಗೇರಿತು. ಈಗ ಬಾಗಿಲು ತೆಗೆದರೆ ಅವನಿಗೆ ಬಗ್ಗಿದಂತೆ, ತಾನು ತಪ್ಪು ಮಾಡಿದ್ದೆನೆಂದು ಒಪ್ಪಿಕೊಂಡಂತೆ. ಬೀಗ ಇದ್ದದ್ದು ಹುಡುಗಿಯರ ಮಾನ ಕಾಯಲು. ಅದನ್ನು ತೆಗೆ ಎನ್ನಲು ಇವರು ಯಾರು ಎಂದು ಗಂಡನ ಜೊತೆ ಮಾತು ಬಿಟ್ಟಳು.

ಎರಡು ದಿನ ಬಿಟ್ಟು ಅವಳು ನರ್ಸಯ್ಯನ ಹಾಸ್ಟೆಲನ್ನು ನೋಡಲೇಬೇಕೆಂದು ಹೊರಟಳು. ತಿರುವಿನಲ್ಲಿರುವ ಮನೆಗೆ ತಾನಾಗಿ ಹೋದರೆ ಗುರುತು ಹಿಡಿಯುತ್ತಾರೆಂದು, ಮೆಟ್ರೊ ಸ್ಟೇಷನ್ನಿನ ಆಚೆ ಬದಿಗಿದ್ದ ಅವನ ಇನ್ನೊಂದು ಹಾಸ್ಟೆಲಿಗೆ ಹೋದಳು. ತಂಗಿಯ ಮಗಳಿಗೆ ರೂಮು ಬೇಕಿತ್ತು ಎಂದಳು. ಒಳಗೆ ತಂಪು ಗಾಳಿ, ಗೋಡೆಯ ಮೇಲೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಸರ್ಟಿಫಿಕೇಟು. ರೂಮು ತೋರಿಸಲು ಬಂದ ಹೆಂಗಸು ಫೋನಿನಲ್ಲಿ ಮಾತಾಡುತ್ತಾ ಹಿಂದುಳಿದಾಗ ಗುರುದೇವಿ ಕಾರಿಡಾರಿನ ಕೊನೆಗೆ ನಡೆದಳು. ಅಲ್ಲಿ ಹಸಿರು ಅಕ್ಷರದಲ್ಲಿ 'ಎಕ್ಸಿಟ್' ಎಂದು ದೀಪ ಉರಿಯುತ್ತಿತ್ತು. ಬಾಗಿಲಿಗೆ ಬೀಗವಿರಲಿಲ್ಲ. ದೂಡಿದಳು. ಅಂಗೈಯಷ್ಟು ತೆರೆದು ನಿಂತಿತು. ಸಂದಿಯಲ್ಲಿ ಕಣ್ಣಿಟ್ಟು ನೋಡಿದರೆ ಮೆಟ್ಟಿಲ ತುಂಬ ಗ್ಯಾಸ್ ಸಿಲಿಂಡರುಗಳು, ಮಡಚಿಟ್ಟ ಹಾಸಿಗೆಗಳು.

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಿಸಿಲಿನಲ್ಲಿ ಆಟೊ ಹತ್ತದೆ ನಡೆದುಕೊಂಡೇ ಬಂದಳು. ತನ್ನ ಅನುಮಾನಕ್ಕೆ ದೇವರೇ ಮುದ್ರೆ ಒತ್ತಿದ ಹಾಗಿತ್ತು. ಇನ್ನು ಉಳಿದದ್ದು ಒಂದೇ, ತನ್ನ ಮನೆಯೊಳಗೆ ಇದ್ದು ಅವನಿಗೆ ಸುದ್ದಿ ಕೊಟ್ಟವರು ಯಾರು?

ಅನುಮಾನ ಈಗ ಭಕ್ತಿ ಎಂಬವಳ ಮೇಲೆ ನಿಂತಿತ್ತು. ಭಕ್ತಿ ತಾಳಿಕೋಟೆಯ ಹುಡುಗಿ, ಮೂರನೇ ಮಹಡಿಯಲ್ಲಿದ್ದಳು, ಮಾತು ಕಡಿಮೆ, ಓದು ಹೆಚ್ಚು. ಇನ್‌ಸ್ಪೆಕ್ಟರ್ ಬರುವ ಹಿಂದಿನ ವಾರ ಅವಳು ಹಿಂಬಾಗಿಲಿನ ಹತ್ತಿರ ನಿಂತು ಫೋನಿನಲ್ಲಿ ಯಾರಿಗೋ ಏನೋ ಹೇಳುತ್ತಿದ್ದುದನ್ನು ಗುರುದೇವಿ ನೋಡಿದ್ದಳು. ಆ ಸಂಜೆ ಅವಳನ್ನು ಅಡುಗೆಮನೆಗೆ ಕರೆಸಿದಳು. ಜಯಮ್ಮ ಒಲೆಯ ಮುಂದೆ ಇದ್ದಳು. ಗುರುದೇವಿ ಸುತ್ತು ಬಳಸಲಿಲ್ಲ. ನರ್ಸಯ್ಯ ನಿನಗೆ ಏನು ಕೊಟ್ಟ ಎಂದು ಕೇಳಿದಳು.

ಭಕ್ತಿಗೆ ಆ ಹೆಸರೇ ಗೊತ್ತಿರಲಿಲ್ಲ. ಯಾವ ನರ್ಸಯ್ಯ ಎಂದಳು. ಆಮೇಲೆ ಅರ್ಥವಾದಾಗ ಮುಖ ಕೆಂಪಾಯಿತು, ಆದರೆ ತಲೆ ತಗ್ಗಿಸಲಿಲ್ಲ.

"ಯಾರೂ ಏನೂ ಕೊಟ್ಟಿಲ್ಲರಿ ಅಕ್ಕಾರ. ನಾನ ಫೋನ್ ಮಾಡಿ ಹೇಳೀನಿ, ಆಫೀಸಿಗೆ. ನನಗ ಅಂಜಿಕಿ ಬಂದಿತ್ತು."

ಅಂಜಿಕೆ ಏಕೆಂದು ಗುರುದೇವಿ ಕೇಳುವ ಮೊದಲೇ ಜಯಮ್ಮ ಸೌಟು ಕೆಳಗಿಟ್ಟು ಅಳಲು ಶುರು ಮಾಡಿದಳು. ಆಗ ಒಂದೊಂದಾಗಿ ವಿಷಯ ಹೊರಗೆ ಬಂತು.

ಯುಗಾದಿಯ ಮುಂಚೆ ಒಂದು ಭಾನುವಾರ ಗುರುದೇವಿಯೂ ಮೌನಪ್ಪನೂ ಮಲ್ಕಾಜ್‌ಗಿರಿಯ ಹಳೆಯ ನೆರೆಯವರ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಹುಡುಗಿಯರೆಲ್ಲ ಒಳಗಿದ್ದರು. ಎಳೆಗೇಟಿಗೆ ಬೀಗ, ಬೀಗದ ಕೈ ಸೆರಗಿನಲ್ಲಿ. ಮಧ್ಯಾಹ್ನ ಮೆಟ್ಟಿಲ ಕೆಳಗಿನ ಇನ್ವರ್ಟರ್ ಸುಟ್ಟುಕೊಂಡು, ಅದರ ಹತ್ತಿರ ಇಟ್ಟಿದ್ದ ಹಳೆಯ ಬಟ್ಟೆಗಳಿಗೆ ಕಿಡಿ ತಾಗಿತು. ಕರಿಹೊಗೆ ಕೊಳವೆಯಲ್ಲಿ ಏರುವ ಹಾಗೆ ಮೆಟ್ಟಿಲ ಮೇಲೆ ಏರಿತು. ಹುಡುಗಿಯರು ಕೆಳಗೆ ಓಡಿ ಬಂದರೆ ಗೇಟು, ಹಿಂದೆ ಓಡಿದರೆ ಜೋಳದ ಚೀಲ. ಭಕ್ತಿ ಮತ್ತು ಇನ್ನಿಬ್ಬರು ಚೀಲಗಳನ್ನು ಎಳೆದು ಹಾಕಿ ಬಾಗಿಲನ್ನು ಭುಜದಿಂದ ಗುದ್ದಿದರು, ಬೀಗ ಮಿಸುಕಲಿಲ್ಲ. ಕೆಳಗೆ ಜಯಮ್ಮ ಒಬ್ಬಳೇ ಮೇನ್ ಸ್ವಿಚ್ ಆರಿಸಿ, ಉಪ್ಪಿನ ಚೀಲ, ಶೇಂಗಾ ಹುರಿಯಲು ಇಟ್ಟ ಮರಳು, ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದು, ಕಂಬಳಿ ಮುಚ್ಚಿ ಹೇಗೋ ಆರಿಸಿದಳು. ಯಾರಿಗೂ ಏನೂ ಆಗಲಿಲ್ಲ. ಇನ್ವರ್ಟರಿನ ಹತ್ತಿರ ಬಟ್ಟೆ ಇಟ್ಟವಳು ತಾನೇ, ಅಕ್ಕಾರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಜಯಮ್ಮ ಗೇಟಿನ ಸಂದಿಯಿಂದ ಹುಡುಗಿಯರ ಕೈ ಹಿಡಿದು ಬೇಡಿಕೊಂಡಳು. ಅವರು ಗೋಡೆ ತೊಳೆದು, ಚೀಲಗಳನ್ನು ಮತ್ತೆ ಅಲ್ಲೇ ಜೋಡಿಸಿ, ಕಿಟಕಿ ತೆರೆದು, ಸುಮ್ಮನಾದರು.

ಗುರುದೇವಿಗೆ ಆ ದಿನ ನೆನಪಿತ್ತು. ಮನೆಗೆ ಬಂದಾಗ ಸುಟ್ಟ ವಾಸನೆ ಬಂದಿತ್ತು. ಇನ್ವರ್ಟರ್ ಕೆಟ್ಟಿದೆ ಎಂದಾಗ, ಹೊಸದು ಮಾರಲೆಂದೇ ಎಲೆಕ್ಟ್ರಿಷಿಯನ್ ಹಾಳು ಮಾಡಿದ್ದಾನೆ ಎಂದು ಅವನನ್ನು ಬೈದು, ಮತ್ತೆಂದೂ ಮನೆ ಹತ್ತಿಸಿರಲಿಲ್ಲ. ಊರನ್ನೆಲ್ಲ ಅನುಮಾನಿಸಿದವಳಿಗೆ ಸೆರಗಿನಲ್ಲೇ ಇದ್ದ ಬೀಗದ ಕೈ ಒಂದು ದಿನವೂ ಅನುಮಾನ ತಂದಿರಲಿಲ್ಲ.

"ನೀವು ಯಾರು ಒಳಗ ಬರತಾರೋ ಅಂತ ಬೀಗ ಹಾಕಿದ್ರಿ" ಎಂದಳು ಭಕ್ತಿ. "ನಾವು ಹೊರಗ ಹೆಂಗ ಹೋಗಬೇಕು, ಅಕ್ಕಾರ? ನಿಮಗ ಹೇಳಬೇಕಂತ ಎರಡು ಸಲ ಬಂದಿದ್ದೆ. ನೀವು ಕೇಳಲಿಲ್ಲ."

ಎರಡು ಸಲ ಬಂದದ್ದೂ ಸುಳ್ಳಲ್ಲ. ಹಿಂಬಾಗಿಲ ಬೀಗ ತೆಗೆಯಬಹುದೇ ಎಂದು ಅವಳು ಕೇಳಿದಾಗ, ಯಾವ ಹುಡುಗ ಕಾಯುತ್ತಿದ್ದಾನೆ ಅಲ್ಲಿ ಎಂದು ಗುರುದೇವಿ ಕೇಳಿದ್ದಳು.

ಆ ಸಂಜೆ ಗುರುದೇವಿ ಜಯಮ್ಮನಿಗೆ ರೊಟ್ಟಿ ಬಡಿಯಲು ಹೇಳಿ ಮೇಲೆ ಹತ್ತಿದಳು. ಮೌನಪ್ಪ ಹಿಂದೆಯೇ ಹೋದ. ಇಬ್ಬರೂ ಸೇರಿ ಮೂರನೇ ಮಹಡಿಯ ಮಂಚವನ್ನು ಸರಿಸಿದರು, ಎರಡನೇ ಮಹಡಿಯ ಜೋಳದ ಚೀಲಗಳನ್ನು ಎಳೆದರು. ಬೀಗಗಳು ತುಕ್ಕು ಹಿಡಿದು, ಕೀಲಿಕೈ ಹೊಕ್ಕರೂ ತಿರುಗಲಿಲ್ಲ. ಸುತ್ತಿಗೆ ತಂದು ಒಡೆಯಬೇಕಾಯಿತು. ಕೊನೆಯ ಬೀಗ ಒಡೆದಾಗ ಹುಡುಗಿಯರು ಹಿಂದೆ ಗುಂಪು ಕಟ್ಟಿ ನಿಂತಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಭಕ್ತಿ ಕಬ್ಬಿಣದ ಮೆಟ್ಟಿಲು ಇಳಿದು ಓಣಿಗೆ ಹೋಗಿ, ಮುಂಬಾಗಿಲಿನಿಂದ ಒಳಗೆ ಬಂದಳು. ಮರುದಿನ ಒಳಗಿನಿಂದ ಮಾತ್ರ ತೆರೆಯುವ ಚಿಲಕಗಳನ್ನು ಹಾಕಿಸಿದರು. ಮುಂದಿನ ಎಳೆಗೇಟನ್ನು ಕಿತ್ತು ಗುಜರಿಗೆ ಹಾಕಿದರು. ಇಷ್ಟಾದರೂ ಗುರುದೇವಿ ಭಕ್ತಿಯ ಬಳಿ ತಪ್ಪಾಯಿತು ಎನ್ನಲಿಲ್ಲ. ಒಂದು ವಾರ ಅವಳ ತಟ್ಟೆಗೆ ಬೆಣ್ಣೆ ಸ್ವಲ್ಪ ಹೆಚ್ಚು ಬಿತ್ತು, ಅಷ್ಟೆ.

ಇನ್‌ಸ್ಪೆಕ್ಟರ್ ಮತ್ತೆ ಬಂದ. ತೆರೆದ ಬಾಗಿಲು ನೋಡಿದ, ಹೊಸ ಚಿಲಕ ನೋಡಿದ. ಇದೆಲ್ಲ ಸರಿ, ಆದರೆ ಕನ್ಸಲ್ಟೆಂಟ್ ಸಹಿ ಎಲ್ಲಿ ಎಂದ. ಆ ಸಹಿಗೆ ಯಾರ ಬಳಿ ಹೋಗಬೇಕೆಂಬುದು ಗುರುದೇವಿಗೆ ಗೊತ್ತಿತ್ತು, ಹೋಗಲಿಲ್ಲ. ಅದರ ಬದಲು ಭಕ್ತಿಯನ್ನು ಕೂರಿಸಿಕೊಂಡು ಮೇಲಿನ ಕಚೇರಿಗೆ ದೂರು ಬರೆಸಿದಳು. ನಮ್ಮ ಬಾಗಿಲು ತೆರೆದಿದೆ, ಸರ್ಟಿಫಿಕೇಟಿಲ್ಲ, ಅವರ ಬಾಗಿಲ ಹಿಂದೆ ಸಿಲಿಂಡರಿವೆ, ಸರ್ಟಿಫಿಕೇಟಿದೆ, ಬಂದು ನೋಡಿ. ದೂರು ಹೋಯಿತು. ಇನ್‌ಸ್ಪೆಕ್ಟರ್ ನರ್ಸಯ್ಯನ ಆ ಮೆಟ್ರೊ ಬದಿಯ ಹಾಸ್ಟೆಲಿಗೆ ಬರುವ ಹಿಂದಿನ ದಿನ ಅಲ್ಲಿಂದ ಒಂದು ಗೂಡ್ಸ್ ಆಟೊ ತುಂಬ ಸಿಲಿಂಡರು ಹೊರಟದ್ದನ್ನೂ, ಅವನು ಬಂದು ಹೋದ ಮರುದಿನ ಅದೇ ಆಟೊ ವಾಪಸ್ ಬಂದದ್ದನ್ನೂ ಮೆಟ್ರೊ ಸ್ಟೇಷನ್ನಿನ ಕೆಳಗೆ ಹೂ ಮಾರುವವಳು ಗುರುದೇವಿಗೆ ಹೇಳಿದಳು. ಮೌನಪ್ಪ ಆಗ ಮೊದಲ ಸಲ ಹೆಂಡತಿಯ ಹಾಗೆ ಮಾತಾಡಿದ: ಇವರೆಲ್ಲ ಒಂದೇ ಗಡಿಗೆಯ ಮಜ್ಜಿಗೆ.

ಮಳೆಗಾಲದ ಹೊತ್ತಿಗೆ ಆ ಇನ್‌ಸ್ಪೆಕ್ಟರಿಗೆ ವರ್ಗವಾಗಿ, ಅವನ ಜಾಗಕ್ಕೆ ಒಬ್ಬ ಹೆಂಗಸು ಬಂದಳು. ಸುವರ್ಣಾ ಎಂದು ಹೆಸರು. ಸ್ಕೂಟಿಯಲ್ಲಿ ಬಂದು, ಹೆಲ್ಮೆಟ್ ತೆಗೆದು ಬಾಗಿಲಲ್ಲಿ ನಿಂತು ಕನ್ನಡದಲ್ಲೇ ಮಾತಾಡಿದಳು. ಗುರುದೇವಿಗೆ ಒಳಗೇ ಎಚ್ಚರವಾಯಿತು. ನಮ್ಮ ಮಾತಿನಲ್ಲಿ ಮಾತಾಡಿ ಕರಗಿಸಲು ಇವಳನ್ನು ಕಳಿಸಿದ್ದಾರೆ. ಚಹಾ ಬೇಕೆ ಎಂದರೆ ಬೇಡ ಎಂದಳು. ನೀರೂ ಬೇಡ ಎಂದು ಬ್ಯಾಗಿನಿಂದ ತನ್ನದೇ ಬಾಟಲಿ ತೆಗೆದು ಕುಡಿದಳು. ಗುರುದೇವಿ ತಡೆಯಲಾರದೆ ಕೇಳಿಬಿಟ್ಟಳು.

"ನೀವು ಯಾರ ಕಡಿಯವರು, ಮೇಡಂ?"

"ಬೀದರ ಕಡಿಯಾಕಿರಿ" ಎಂದಳು ಸುವರ್ಣಾ, ಪ್ರಶ್ನೆ ಅರ್ಥವಾಗದೆಯೋ, ಆಗಿಯೋ.

ಮನೆಯನ್ನೆಲ್ಲ ನೋಡಿದಳು. ಬಾಗಿಲುಗಳನ್ನು ತಾನೇ ತೆಗೆದು ಹಾಕಿ ಮಾಡಿದಳು. ಕಬ್ಬಿಣದ ಮೆಟ್ಟಿಲಿನ ಅಗಲವನ್ನು ಟೇಪಿನಿಂದ ಅಳೆದಳು, ಎರಡು ಸಲ ಅಳೆದಳು. ಹಳೆಯ ದೂರಿನ ವಿಷಯ ಅವಳೇ ಎತ್ತಿ, ಆ ಸಿಲಿಂಡರುಗಳು ಯಾವ ಹೊತ್ತಿಗೆ ಎಲ್ಲಿರುತ್ತವೆ ಎಂದು ಕೇಳಿದಳು. ಹೇಳುವುದೋ ಬಿಡುವುದೋ ಎಂದು ಗುರುದೇವಿ ಬಹಳ ಯೋಚಿಸಿದಳು. ಇವಳು ಸುದ್ದಿ ತಿಳಿದುಕೊಂಡು ಅವನ ಹತ್ತಿರ ತನ್ನ ಪಾಲು ಕೇಳಲು ಹೋದರೆ? ಆದರೆ ಆ ಮೆಟ್ಟಿಲುಗಳ ಮೇಲಿನ ಕೋಣೆಗಳಲ್ಲೂ ಹುಡುಗಿಯರಿದ್ದಾರಲ್ಲ. ಹೂವಿನವಳು ಹೇಳಿದ್ದನ್ನೆಲ್ಲ ಹೇಳಿದಳು. ಹೇಳಿದ ಮೇಲೆ ತನ್ನ ಸರ್ಟಿಫಿಕೇಟಿನ ಮಾತು ತೆಗೆದಳು.

ಸುವರ್ಣಾ ಟೇಪು ಸುತ್ತುತ್ತಾ ಇದ್ದಳು. "ನಿಮ್ಮ ಮೆಟ್ಟಲಾ ಭಾಳ ಸಣ್ಣದದರಿ. ಮ್ಯಾಲಿನ ಎರಡೂ ಮಹಡಿ ಹುಡುಗೇರು ಒಮ್ಮೆಲೆ ಇಳೀಲಿಕ್ಕಾಗಲ್ಲ. ನಾ ಸಹಿ ಮಾಡಲ್ಲ."

ಸುವರ್ಣಾ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಳು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ನರ್ಸಯ್ಯನ ಆ ಹಾಸ್ಟೆಲಿಗೆ ಹೋಗಿ, ಸಿಲಿಂಡರುಗಳು ಮೆಟ್ಟಿಲ ಮೇಲೆ ಇರುವಾಗಲೇ ಹಿಡಿದು, ಅವು ಹೋಗುವ ತನಕ ಹಾಸ್ಟೆಲ್ ಮುಚ್ಚಿಸಿದಳು. ಅಳಿಯನ ಸಹಿ ಇದ್ದ ನಕ್ಷೆಗಳನ್ನು ಮತ್ತೆ ಪರೀಕ್ಷಿಸಬೇಕೆಂದು ಬರೆದಳು. ಅದೇ ವಾರ ಗುರುದೇವಿಯ ಎರಡನೇ ಮತ್ತು ಮೂರನೇ ಮಹಡಿಯನ್ನೂ ಖಾಲಿ ಮಾಡಿಸಿದಳು. ಒಂದನೇ ಮಹಡಿಯ ತನಕ ನಡೆಸಲು ಸಣ್ಣ ಪರವಾನಗಿ ಸಾಕು ಎಂದು ಅದನ್ನು ತಾನೇ ಬರೆದು ಕೊಟ್ಟಳು. ಗುರುದೇವಿ ಅವಳಲ್ಲಿ ಹುಳುಕು ಹುಡುಕಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಚಂದ್ರಕಾಂತನನ್ನು ಕೇಳಿದಳು, ಬೀದರಿನ ಸಂಬಂಧಿಕರನ್ನು ಕೇಳಿದಳು. ಯಾರ ಮನೆಯ ಸೊಸೆ, ಯಾರ ಶಿಫಾರಸು ಎಂದು ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಮೇಲಿನ ಮಹಡಿಯ ಹುಡುಗಿಯರು ಪೆಟ್ಟಿಗೆ ಕಟ್ಟಿದರು. ಸಿಲಿಂಡರು ತೆಗೆಸಿ ವಾರದೊಳಗೆ ಮತ್ತೆ ಬಾಗಿಲು ತೆರೆದ ನರ್ಸಯ್ಯನ ಹಾಸ್ಟೆಲಿಗೇ ಹೆಚ್ಚಿನವರು ಹೋದರು. ಹತ್ತಿರದಲ್ಲಿ ಬೇರೆ ಎಲ್ಲಿ ಜಾಗ? ಸಣ್ಣ ಹಾಸ್ಟೆಲುಗಳು ಒಂದೊಂದಾಗಿ ಮುಚ್ಚುತ್ತಿದ್ದವು, ಚಂದ್ರಕಾಂತನೂ ಬಸವಕಲ್ಯಾಣದ ದಾರಿ ಹಿಡಿದಿದ್ದ. ಹೀಗೆ ಕೊನೆಗೂ ನರ್ಸಯ್ಯನಿಗೆ ಬೇಕಾದದ್ದು ಅವನಿಗೆ ಸಿಕ್ಕಿತು, ಸ್ವಲ್ಪ ತಡವಾಗಿ, ಸ್ವಲ್ಪ ಅವಮಾನದ ಜೊತೆ. ಭಕ್ತಿಯ ಅಪ್ಪನೂ ಸರ್ಟಿಫಿಕೇಟು ಇರುವ ಕಡೆಯೇ ಇರಲಿ ಎಂದ. ಹೊರಡುವ ದಿನ ಭಕ್ತಿ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಾಗ ಗುರುದೇವಿ ಅವಳ ಭುಜ ಹಿಡಿದು ಎತ್ತಿದಳು. ಬಾಗಿಲು ಗುದ್ದಿದ ಭುಜ ಯಾವುದು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

"ಹೋದ ದಿನನ ಹಿಂದಿನ ಬಾಗಲಾ ತಗದು ನೋಡು. ತಗೀಲಿಲ್ಲ ಅಂದ್ರ ನನಗ ಫೋನ್ ಹಚ್ಚು" ಎಂದಳು.

ಈಗ ಗುರುದೇವಿಯ ಮನೆಯಲ್ಲಿ ಒಂದು ಮಹಡಿಯ ಹುಡುಗಿಯರು ಮಾತ್ರ. ಬಾಡಿಗೆ ಸರಿದೂಗಿಸಲು ಮೌನಪ್ಪ ನಾಚಾರಂನ ಕಾರ್ಖಾನೆಯೊಂದರ ಗೋದಾಮಿನಲ್ಲಿ ಕೂರುತ್ತಾನೆ, ಜಯಮ್ಮ ಹೊರಗಿನವರಿಗೂ ರೊಟ್ಟಿ ಬಡಿದು ಕೊಡುತ್ತಾಳೆ. ಸುವರ್ಣಾ ಮೇಡಂಗೆ ವರ್ಗವಾಗುತ್ತದೆ ಎಂಬ ಸುದ್ದಿ ಆಗಲೇ ಓಣಿಯಲ್ಲಿ ಓಡಾಡುತ್ತಿದೆ. ಯಾರು ಮಾಡಿಸುತ್ತಿದ್ದಾರೆ ಎಂದು ಗುರುದೇವಿಗೆ ಯಾರೂ ಹೇಳಬೇಕಾಗಿಲ್ಲ.

ಶನಿವಾರದ ಸಂಜೆ ಅವಳು ಡಬ್ಬಿಯಲ್ಲಿ ಶೇಂಗಾ ಚಟ್ನಿ ತುಂಬಿಕೊಂಡು ಭಕ್ತಿಯನ್ನು ನೋಡಲು ಹೋಗುತ್ತಾಳೆ. ಗಾಜಿನ ಬಾಗಿಲಿನ ಕಾವಲುಗಾರ ಯಾರು, ಏನು, ಯಾರನ್ನು ನೋಡಬೇಕು ಎಂದು ಕೇಳುತ್ತಾನೆ, ಅವಳು ತಾಳ್ಮೆಯಿಂದ ಉತ್ತರ ಕೊಡುತ್ತಾಳೆ. ಒಳಗೆ ಹೋಗಿ ಮಹಡಿ ಹತ್ತಿದವಳು ಮೊದಲು ಭಕ್ತಿಯ ಕೋಣೆಗೆ ಹೋಗುವುದಿಲ್ಲ. ಕಾರಿಡಾರಿನ ಕೊನೆಯ ತನಕ ನಡೆದು, ಹಸಿರು ದೀಪದ ಕೆಳಗಿನ ಬಾಗಿಲನ್ನು ಅಂಗೈಯಿಂದ ದೂಡುತ್ತಾಳೆ. ಹೋದ ವಾರವೂ ಅದು ಪೂರ್ತಿ ತೆರೆಯಿತು. ಮೆಟ್ಟಿಲ ಮೇಲೆ ಕೆಳಗಿನ ಬೀದಿಯ ಬೆಳಕು ಬಿದ್ದಿತ್ತು. ಗುರುದೇವಿ ಬಗ್ಗಿ ಎರಡು ಮಹಡಿ ಕೆಳಗಿನ ತನಕ ಇಣುಕಿ ನೋಡಿದಳು. ಮೂಲೆಯೊಂದರಲ್ಲಿ ಯಾರೋ ಒಂದು ಹಾಸಿಗೆ ಸುತ್ತಿ ಇಟ್ಟಿದ್ದರು. ಒಂದೇ ಒಂದು. ಅವಳು ಇಳಿದು ಹೋಗಿ ಅದನ್ನು ಎಳೆದುಕೊಂಡು ಬಂದು ರಿಸೆಪ್ಷನ್ ಮೇಜಿನ ಮುಂದೆ ಹಾಕಿ, ಇದು ಯಾರದು ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.